ಹಸಿರೂ ಕೆಂಪೂ ಒಂದೇ ಬೂದು

ಆನೆಗುಂದಿಯ ಅಂಜನಾದ್ರಿ ಬೆಟ್ಟ ಹತ್ತಿದವರಿಗೆ ಆ ನೋಟ ಗೊತ್ತಿರುತ್ತದೆ. ಐನೂರು ಚಿಲ್ಲರೆ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ತಿರುಗಿ ನೋಡಿದರೆ ಕೆಳಗೆ ಭತ್ತದ ಗದ್ದೆ, ನಡುವೆ ತೆಂಗಿನ ಸಾಲು, ಅದರಾಚೆ ತುಂಗಭದ್ರೆ, ಸುತ್ತ ಎತ್ತ ನೋಡಿದರೂ ಯಾರೋ ತಂದು ಸುರಿದ ಹಾಗೆ ಬಂಡೆಗಳು. ಮೊದಲ ಸಲ ಕ್ಯಾಮೆರಾ ತಗೊಂಡು ಹೋದಾಗ ಒಂದೂವರೆ ಗಂಟೆಯಲ್ಲಿ ನೂರೆಂಬತ್ತು ಫೋಟೊ ತೆಗೆದಿದ್ದೆ. ಮೋಡ ಕವಿದಿತ್ತು. ಗದ್ದೆಯ ಹಸಿರು ಕಣ್ಣು ಕುಕ್ಕುತ್ತಿತ್ತು, ಬಂಡೆಗಳು ಮಳೆಗೆ ನೆನೆದು ಕೆಂಪಗೆ ಕಾಣುತ್ತಿದ್ದವು. ಮನೆಗೆ ಬಂದು, ಹಂಪಿ ಅಂದರೆ ಕಪ್ಪು ಬಿಳುಪೇ ಚೆಂದ ಅಂತ ಯಾರೋ ಹೇಳಿದ್ದು ನೆನಪಾಗಿ ಒಂದು ಬಟನ್ ಒತ್ತಿದೆ. ಅಷ್ಟೇ. ಗದ್ದೆ ಎಲ್ಲಿ ಮುಗಿಯಿತು, ಬಂಡೆ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗಲಿಲ್ಲ. ಅಂಬಲಿಯ ಹಾಗೆ ಎಲ್ಲ ಒಂದೇ.

ಆಗಿದ್ದೇನು ಅಂತ ಲೆಕ್ಕ ಹಾಕಿದರೆ ಸುಲಭವಾಗಿ ಗೊತ್ತಾಗುತ್ತದೆ. ಡಿಜಿಟಲ್ ಫೋಟೊದ ಪ್ರತಿ ಚುಕ್ಕೆಗೂ ಮೂರು ಅಂಕಿ ಇರುತ್ತವೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು, 0ಯಿಂದ 255ರವರೆಗೆ. ಕಪ್ಪು ಬಿಳುಪು ಮಾಡುವಾಗ ಈ ಮೂರನ್ನೂ ಸೇರಿಸಿ ಒಂದೇ ಅಂಕಿ ಮಾಡಬೇಕು. ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಬೆಳಕಾಗಿ ಕಾಣುತ್ತದೆ, ನೀಲಿ ಬಹಳ ಕಡಿಮೆ. ಅದಕ್ಕೇ ಟಿವಿ ಕಾಲದಿಂದ ಬಳಕೆಯಲ್ಲಿರುವ ಒಂದು ಲೆಕ್ಕದಲ್ಲಿ ಕೆಂಪಿಗೆ ಸುಮಾರು ಶೇ 30, ಹಸಿರಿಗೆ ಶೇ 59, ನೀಲಿಗೆ ಶೇ 11 ತೂಕ ಕೊಡುತ್ತಾರೆ. ಈಗ ನನ್ನ ಬಂಡೆಯ ಒಂದು ಚುಕ್ಕೆ ಕೆಂಪು 170, ಹಸಿರು 80, ನೀಲಿ 50 ಅಂತ ಇಟ್ಟುಕೊಳ್ಳಿ. ಗದ್ದೆಯ ಒಂದು ಚುಕ್ಕೆ ಕೆಂಪು 90, ಹಸಿರು 125, ನೀಲಿ 40. ಬಣ್ಣದಲ್ಲಿ ಎರಡಕ್ಕೂ ಸಂಬಂಧವೇ ಇಲ್ಲ. ಗುಣಿಸಿ ಕೂಡಿಸಿ ನೋಡಿ. ಬಂಡೆಗೆ 104 ಬರುತ್ತದೆ, ಗದ್ದೆಗೆ 105.

ಒಂದು ಅಂಕಿಯ ವ್ಯತ್ಯಾಸ. ಇದನ್ನು ಯಾವ ಕಣ್ಣೂ ಗುರುತಿಸುವುದಿಲ್ಲ.

ಕಪ್ಪು ಬಿಳುಪಿನಲ್ಲಿ ಎರಡು ವಸ್ತುಗಳನ್ನು ಬೇರೆ ಮಾಡಿ ತೋರಿಸುವುದು ಅವುಗಳ ಬಣ್ಣ ಅಲ್ಲ, ಎಷ್ಟು ಬೆಳಕಾಗಿವೆ ಎಷ್ಟು ಕತ್ತಲಾಗಿವೆ ಅನ್ನುವುದು. ಓದುವಾಗ ಇದು ಗೊತ್ತಿರುವ ವಿಷಯವೇ ಅನ್ನಿಸುತ್ತದೆ. ಜಾಗದಲ್ಲಿ ನಿಂತಾಗ ಮರೆತುಹೋಗುತ್ತದೆ, ಯಾಕೆಂದರೆ ಹುಟ್ಟಿದಾಗಿನಿಂದ ಬಣ್ಣ ನೋಡಿ ಅಭ್ಯಾಸವಾದ ಕಣ್ಣು ಒಂದು ಮಧ್ಯಾಹ್ನದಲ್ಲಿ ಬದಲಾಗುವುದಿಲ್ಲ. ಮಳೆಗಾಲದ ಮಲೆನಾಡಿಗೆ ಹೋಗಿ ಬಂದವರ ಕಪ್ಪು ಬಿಳುಪು ಫೋಟೊಗಳು ಬಹಳಷ್ಟು ಸಪ್ಪೆಯಾಗಿರುವುದಕ್ಕೂ ಇದೇ ಕಾರಣ. ಅಲ್ಲಿ ಇಪ್ಪತ್ತು ಥರದ ಹಸಿರು ಇರುತ್ತದೆ, ಬೂದು ಮಾತ್ರ ಎರಡೋ ಮೂರೋ.

ಆ ಫೋಟೊವನ್ನು ನಾನು ಹಾಗೇ ಬಿಡಲಿಲ್ಲ. ಕಾಂಟ್ರಾಸ್ಟ್ ಜಗ್ಗಿ, ಪ್ರಿಂಟ್ ಹಾಕಿಸಿ, ಹೊಸಪೇಟೆಯಲ್ಲಿ ಹಿಂದೆ ಸ್ಟುಡಿಯೊ ಇಟ್ಟಿದ್ದ ಹಿರಿಯರೊಬ್ಬರ ಹತ್ತಿರ ತಗೊಂಡು ಹೋದೆ. ಡಾರ್ಕ್‌ರೂಮಿನಲ್ಲಿ ಮೂವತ್ತು ವರ್ಷ ಕಳೆದವರು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಪ್ರಿಂಟನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟು, ಕನ್ನಡಕ ತೆಗೆದು, ಸ್ವಲ್ಪ ಹೊತ್ತು ನೋಡಿದರು.

"ಇದ್ರಾಗ ಏನೈತಿ ಹೇಳು ತಮ್ಮಾ."

"ಗದ್ದೆ, ಬಂಡೆ, ಹೊಳೆ ಸರ್."

"ಅದು ನಿನ್ನ ತಲ್ಯಾಗೈತಿ. ಕಾಗದದ ಮ್ಯಾಲೆ ಏನೈತಿ?"

ನಾನು ಸುಮ್ಮನಿದ್ದೆ. ಅವರು ಕೆಳಗಿನ ಎಡಮೂಲೆಯನ್ನು ಹೆಬ್ಬೆರಳಿನಿಂದ ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು. ಅಲ್ಲಿ ಗದ್ದೆಯ ಬದುವಿನ ಮೇಲೆ ಒಂದು ಖಾಲಿ ಗೊಬ್ಬರದ ಚೀಲ ಬಿದ್ದಿತ್ತು. ಬೆಳ್ಳಗೆ. ಇಡೀ ಫೋಟೊದಲ್ಲಿ ಬೆಳ್ಳಗಿದ್ದದ್ದು ಅದೊಂದೇ. ಒಂದೂವರೆ ಗಂಟೆ ಬೆಟ್ಟದ ಮೇಲೆ ನಿಂತು ನಾನು ತೆಗೆದದ್ದು ಗೊಬ್ಬರದ ಚೀಲದ ಫೋಟೊ.

ಬಣ್ಣದಲ್ಲಿ ಆ ಚೀಲ ನನಗೆ ಕಂಡೇ ಇರಲಿಲ್ಲ, ಹಸಿರು ಅಷ್ಟು ಜೋರಾಗಿತ್ತು. ಬಣ್ಣ ತೆಗೆದ ಕೂಡಲೇ ಕಣ್ಣಿಗೆ ಉಳಿಯುವ ದಾರಿ ಒಂದೇ: ಎಲ್ಲಿ ಅತಿ ಬೆಳಕಿದೆ, ಎಲ್ಲಿ ಕಪ್ಪು ಬಿಳುಪು ಒಂದರ ಪಕ್ಕ ಒಂದು ತಾಕಿಕೊಂಡಿವೆ, ಅಲ್ಲಿಗೆ ಹೋಗುವುದು. ಅವರು ಕನ್ನಡಕ ತೆಗೆದದ್ದು ಇದಕ್ಕೇ. ಮಸುಕಾಗಿ ನೋಡಿದರೆ ಗದ್ದೆ, ಬಂಡೆ ಅನ್ನುವ ಹೆಸರುಗಳು ಅಳಿಸಿಹೋಗಿ ಬರೀ ಕಪ್ಪು ಬಿಳಿಯ ತುಂಡುಗಳು ಉಳಿಯುತ್ತವೆ. ಕನ್ನಡಕ ಇಲ್ಲದವರು ಕಣ್ಣು ಕಿರಿದು ಮಾಡಿ ನೋಡಬಹುದು. ತಲೆಕೆಳಗು ಮಾಡುವುದೂ ಅದೇ ಉಪಾಯ. ದೊಡ್ಡ ಕ್ಯಾಮೆರಾ ಬಳಸುತ್ತಿದ್ದವರಿಗೆ ಇದು ಪುಕ್ಕಟೆ ಸಿಗುತ್ತಿತ್ತು, ಹಿಂದಿನ ಉಜ್ಜು ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿಯೇ ಮೂಡುತ್ತಿತ್ತಲ್ಲ. ನಮಗೆ ಫೋನ್‌ನಲ್ಲಿ ಬೆರಳಿನಷ್ಟು ಚಿಕ್ಕದಾಗಿ ನೋಡಿದರೂ ಸಾಕು. ಅಷ್ಟು ಚಿಕ್ಕದರಲ್ಲಿ ಗಟ್ಟಿಯಾಗಿ ನಿಲ್ಲದ ಫೋಟೊ ದೊಡ್ಡದು ಮಾಡಿದರೆ ಗಟ್ಟಿಯಾಗುವುದಿಲ್ಲ.

ಈಗ ಬೂದನ್ನು ಬೇರೆ ಮಾಡುವುದು ಹೇಗೆ ಅಂತ ನೋಡೋಣ. ಒಂದು ದಾರಿ ಫಿಲ್ಟರ್. ಮೇಲಿನ ಅಂಕಿಗಳಿಗೇ ವಾಪಸ್ ಹೋಗಿ. ಮೂರನ್ನೂ ಕೂಡಿಸುವ ಬದಲು ಬರೀ ಕೆಂಪಿನ ಅಂಕಿ ತಗೊಂಡರೆ ಬಂಡೆ 170, ಗದ್ದೆ 90. ಬಂಡೆ ಬೆಳಗುತ್ತದೆ, ಗದ್ದೆ ಕಪ್ಪಾಗುತ್ತದೆ. ಬರೀ ಹಸಿರು ತಗೊಂಡರೆ ಬಂಡೆ 80, ಗದ್ದೆ 125. ಎಲ್ಲ ಉಲ್ಟಾ. ಒಂದೇ ಫೋಟೊ, ಆದರೆ ಒಂದರಲ್ಲಿ ಕತ್ತಲ ಗದ್ದೆಯೊಳಗಿಂದ ಬಂಡೆ ಎದ್ದು ಬರುತ್ತದೆ, ಇನ್ನೊಂದರಲ್ಲಿ ಕಪ್ಪು ಬಂಡೆಗಳ ನಡುವೆ ಗದ್ದೆ ಹೊಳೆಯುತ್ತದೆ. ಲೆನ್ಸ್ ಮುಂದೆ ಕೆಂಪು ಗಾಜು ಹಾಕುತ್ತಿದ್ದವರು ಮಾಡುತ್ತಿದ್ದದ್ದೂ ಇದನ್ನೇ. ಕೆಂಪು ಗಾಜು ಕೆಂಪನ್ನು ಒಳಗೆ ಬಿಡುತ್ತದೆ, ನೀಲಿ ಹಸಿರನ್ನು ತಡೆಯುತ್ತದೆ. ಈಗ ಎಡಿಟ್ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಕಪ್ಪು ಬಿಳುಪು ವಿಭಾಗ ತೆರೆದರೆ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಲೈಡರ್ ಇರುತ್ತದೆ. ಬಟನ್ ಒತ್ತಿ ಸುಮ್ಮನಾಗುವವರು ಈ ಸ್ಲೈಡರ್‌ಗಳನ್ನು ಮುಟ್ಟುವುದೇ ಇಲ್ಲ. ಇಡೀ ಆಟ ಇರುವುದು ಅಲ್ಲೇ.

ಆಕಾಶದ ಕಥೆಯೂ ಇದೇ. ಆ ಕಥೆ ಹಳೆಯದು, ಹಂಪಿಗೂ ಸೇರಿದ್ದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ವಿಜಯನಗರದ ಅವಶೇಷಗಳ ಫೋಟೊ ತೆಗೆದ. ಆ ಕಾಲದ ನೆಗೆಟಿವ್‌ಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಹಾಗಾಗಿ ಕಲ್ಲಿಗೆ ಬೇಕಾದಷ್ಟು ಹೊತ್ತು ಬೆಳಕು ಬಿಟ್ಟರೆ ನೀಲಿ ಆಕಾಶ ಸುಟ್ಟು ಬೆಳ್ಳಗಾಗುತ್ತಿತ್ತು. ಮೋಡ ಹಿಡಿಯುವುದು ಬಹಳ ಕಷ್ಟ. ಅದಕ್ಕೂ ಸ್ವಲ್ಪ ಮೊದಲು, 1854ರಲ್ಲಿ ಬೇಲೂರು, ಹಳೇಬೀಡುಗಳ ಫೋಟೊ ತೆಗೆದ ಲಿನಿಯಸ್ ಟ್ರೈಪ್ ತನ್ನ ಎಷ್ಟೋ ನೆಗೆಟಿವ್‌ಗಳ ಮೇಲೆ ಬ್ರಷ್ ಹಿಡಿದು ಮೋಡಗಳನ್ನು ಕೈಯಲ್ಲೇ ಬರೆದಿದ್ದ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಪ್ರಿಂಟ್ ಮಾಡುತ್ತಿದ್ದ. ಎಡಿಟ್ ಮಾಡಿದ ಫೋಟೊ ಫೋಟೊವೇ ಅಲ್ಲ ಅಂತ ಮೂಗು ಮುರಿಯುವವರಿಗೆ ಇದನ್ನು ಹೇಳಿ ನೋಡಿ, ಮುಖ ನೋಡಲು ಮಜವಾಗಿರುತ್ತದೆ.

ಎಲ್ಲ ಬಣ್ಣವನ್ನೂ ಗ್ರಹಿಸುವ ಪ್ಲೇಟ್ ಮತ್ತು ಫಿಲ್ಮ್ 20ನೇ ಶತಮಾನದಲ್ಲಿ ಬಂದ ಮೇಲೆ ಆಕಾಶ ನಮ್ಮ ಹತೋಟಿಗೆ ಬಂತು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಒಂದಿದೆ, ನಾನೂ ಅದನ್ನೇ ಕೊಡುತ್ತೇನೆ. 1927ರ ಏಪ್ರಿಲ್ 10ರಂದು ಅಮೆರಿಕದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ ಹಾಫ್ ಡೋಮ್ ಎಂಬ ಕಲ್ಲುಗೋಡೆಯ ಎದುರು ನಿಂತಿದ್ದ. ಉಳಿದಿದ್ದದ್ದು ಎರಡೇ ಗಾಜಿನ ಪ್ಲೇಟು. ಮೊದಲನೆಯದನ್ನು ಹಳದಿ ಫಿಲ್ಟರ್ ಹಾಕಿ ತೆಗೆದ. ತೆಗೆದಾದ ಮೇಲೆ ಹೊಳೆಯಿತು, ಈ ಕಲ್ಲಿನ ಎದುರು ತನಗೆ ಆಗುತ್ತಿರುವ ಅನುಭವ ಹಳದಿ ಫಿಲ್ಟರಿನಲ್ಲಿ ಬರುವುದಿಲ್ಲ ಅಂತ. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದ. ಆಕಾಶ ಹೆಚ್ಚುಕಮ್ಮಿ ಕಪ್ಪಾಗಿ ಬಂತು, ಕಲ್ಲು ಅದರ ಎದುರು ಎದ್ದು ನಿಂತಿತು. ಆ ಮಧ್ಯಾಹ್ನ ಯೊಸೆಮಿಟಿಯ ಆಕಾಶ ಕಪ್ಪಾಗಿರಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಯಾರೂ ತಕರಾರು ತೆಗೆಯಲಿಲ್ಲ.

ಹಂಪಿಯ ಬಂಡೆಗೂ ಕೆಂಪು ಒಗ್ಗುತ್ತದೆ. ಅದರ ಗ್ರಾನೈಟ್‌ನಲ್ಲೇ ಸ್ವಲ್ಪ ಗುಲಾಬಿ ಛಾಯೆ ಇದೆ. ಭೂವಿಜ್ಞಾನಿಗಳು ಈ ಶಿಲೆಗೆ ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟ್ ಅಂದರೆ ನಮ್ಮ ರಾಮನಗರದ ಹಳೆಯ ಹೆಸರು. ರಾಮನಗರದ ಬೆಟ್ಟಗಳಿಂದ ಉತ್ತರಕ್ಕೆ ಹಂಪಿಯ ಕಡೆಯವರೆಗೂ ಹಬ್ಬಿರುವ, ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು ಅದು. ನೀಲಿ ಆಕಾಶವಿರುವ ಬೆಳಿಗ್ಗೆ ಕೆಂಪು ಸ್ಲೈಡರ್ ಮೇಲೆ, ನೀಲಿ ಸ್ಲೈಡರ್ ಕೆಳಗೆ ಮಾಡಿದರೆ ಬಂಡೆ ಮುಂದೆ ಬಂದು ಆಕಾಶ ಹಿಂದೆ ಸರಿಯುತ್ತದೆ. ಆದರೆ ನೀಲಿಯನ್ನು ತೀರಾ ಕೆಳಗೆ ಎಳೆಯಬೇಡಿ. ಆಕಾಶದಲ್ಲಿ ಮರಳು ಎರಚಿದ ಹಾಗೆ ಕಾಳು ಕಾಳು ಏಳುತ್ತದೆ, ಬೆಟ್ಟದ ಅಂಚಿಗೆ ಬಿಳಿ ಗೆರೆ ಮೂಡುತ್ತದೆ. ಆ ಬಿಳಿ ಗೆರೆ ಕಂಡ ಕೂಡಲೇ ನೋಡುವವರ ಮನಸ್ಸು ಬೆಟ್ಟ ಬಿಟ್ಟು ಸಾಫ್ಟ್‌ವೇರ್ ಕಡೆ ಹೋಗುತ್ತದೆ. ಇನ್ನೊಂದು ಸಂಗತಿ: ನೆರಳಿಗೆ ಬೀಳುವ ಬೆಳಕು ಬಹುಪಾಲು ನೀಲಿ ಆಕಾಶದ್ದು, ಹಾಗಾಗಿ ನೀಲಿ ಇಳಿಸಿದರೆ ನೆರಳುಗಳೂ ಮುಳುಗುತ್ತವೆ.

ಮಂಜಿನಲ್ಲಿ ಇದೇ ಲೆಕ್ಕ ತಿರುಗಿಸಬೇಕು. ಮುಳ್ಳಯ್ಯನಗಿರಿ ನಮ್ಮ ರಾಜ್ಯದ ಅತಿ ಎತ್ತರದ ಶಿಖರ, 1,930 ಮೀಟರ್ ಹತ್ತಿರ. ಬೆಳಿಗ್ಗೆ ಅಲ್ಲಿ ನಿಂತರೆ ಒಂದರ ಹಿಂದೆ ಒಂದು ಬೆಟ್ಟದ ಸಾಲು, ದೂರ ಹೋದಷ್ಟೂ ಬೆಳ್ಳಗಾಗುತ್ತಾ ಕಾಣುತ್ತದೆ. ದೂರದ ಆ ಮಬ್ಬಿನಲ್ಲಿ ನೀಲಿ ಜಾಸ್ತಿ ಇರುತ್ತದೆ. ಕೆಂಪು ಫಿಲ್ಟರ್ ಹಾಕಿದರೆ ಮಬ್ಬು ಕಡಿಮೆಯಾಗಿ ಸಾಲುಗಳ ನಡುವಿನ ಅಂತರವೇ ಮುಚ್ಚಿಹೋಗುತ್ತದೆ. ನೀಲಿಯನ್ನು ಮೇಲೆ ಮಾಡಿದರೆ ಒಂದೊಂದು ಸಾಲೂ ಬೇರೆ ಬೇರೆ ಆಗಿ ನಿಲ್ಲುತ್ತದೆ. ದೂರದ ಬೆಟ್ಟ ಸ್ಪಷ್ಟವಾಗಿ ಬೇಕೋ, ದೂರ ಇದೆ ಅನ್ನುವ ಭಾವನೆ ಬೇಕೋ, ಅದನ್ನು ನೀವೇ ತೀರ್ಮಾನಿಸಬೇಕು. ನನಗಂತೂ ಯಾವಾಗಲೂ ಎರಡನೆಯದು.

ಎರಡನೆಯ ದಾರಿ ಬೆಳಕಿನ ದಿಕ್ಕು. ಇದು ಫಿಲ್ಟರಿಗಿಂತ ದೊಡ್ಡದು, ಇದಕ್ಕೆ ಸ್ಲೈಡರ್ ಇಲ್ಲ. ಗುಂಡು ಬಂಡೆ ಗುಂಡಗೆ ಕಾಣಬೇಕಾದರೆ ಅದರ ಒಂದು ಬದಿ ಬೆಳಕಲ್ಲಿ, ಇನ್ನೊಂದು ಬದಿ ನೆರಳಲ್ಲಿ ಇರಬೇಕು, ನಡುವೆ ಬೂದು ನಿಧಾನವಾಗಿ ಇಳಿಯಬೇಕು. ಸೂರ್ಯ ನಿಮ್ಮ ಬೆನ್ನ ಹಿಂದಿದ್ದರೆ ಬಂಡೆ ತಟ್ಟೆಯ ಹಾಗೆ ಚಪ್ಪಟೆ. ಮೋಡ ಕವಿದ ದಿನ ನಾನು ಹೋದದ್ದೇ ಮೊದಲ ತಪ್ಪು. ಮೋಡದ ದಿನ ಜಲಪಾತಕ್ಕೆ, ಕಾಡಿನ ಒಳಕ್ಕೆ ಒಳ್ಳೆಯದು, ಬಂಡೆಗಳ ಬಯಲಿಗೆ ಅಲ್ಲ. ಗದ್ದೆಗೆ ಇನ್ನೂ ಒಂದು ಗುಟ್ಟಿದೆ. ಎಲೆ ತೆಳ್ಳಗಿರುತ್ತದೆ, ಹಿಂದಿನಿಂದ ಬಿಸಿಲು ಬಿದ್ದರೆ ಒಳಗಿಂದ ಹೊಳೆಯುತ್ತದೆ. ಬಂಡೆ ಹಾಗೆ ಹೊಳೆಯುವುದಿಲ್ಲ. ಸೂರ್ಯನ ಕಡೆಗೆ ಓರೆಯಾಗಿ ಮುಖ ಮಾಡಿ ನಿಂತರೆ 104, 105ರ ಜಗಳ ಸ್ಲೈಡರ್ ಮುಟ್ಟದೆಯೇ ಮುಗಿಯುತ್ತದೆ.

ಬೆಳಕು ಎಷ್ಟಿದೆ ಅಂತ ಅಳೆಯುವ ಕ್ಯಾಮೆರಾದ ಮೀಟರ್ ಬಗ್ಗೆಯೂ ಹೇಳಬೇಕು. ಅದಕ್ಕೆ ಎದುರಿಗಿರುವುದು ಏನು ಅಂತ ಗೊತ್ತಿಲ್ಲ. ಏನೇ ತೋರಿಸಿದರೂ ನಡುವಿನ ಬೂದು ಮಾಡಲು ನೋಡುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಚೌಕಟ್ಟಿನ ತುಂಬ ಉಪ್ಪಿನ ರಾಶಿ ತುಂಬಿಸಿ ಫೋಟೊ ತೆಗೆದರೆ ಉಪ್ಪು ಸಿಮೆಂಟಿನ ಬಣ್ಣಕ್ಕೆ ಬರುತ್ತದೆ. ಅದೇ ಜಿಲ್ಲೆಯ ಯಾಣಕ್ಕೆ ಹೋಗಿ ಕಪ್ಪು ಬಂಡೆ ತುಂಬಿಸಿ ತೆಗೆದರೆ ಅದೂ ಸಿಮೆಂಟ್. ಉಪ್ಪಿಗೆ ಮೀಟರ್ ಹೇಳಿದ್ದಕ್ಕಿಂತ ಬೆಳಕು ಜಾಸ್ತಿ ಕೊಡಬೇಕು, ಯಾಣಕ್ಕೆ ಕಡಿಮೆ. ಹೊಸ ಕ್ಯಾಮೆರಾಗಳು ಸ್ವಲ್ಪ ಜಾಣವಾಗಿವೆ, ಆದರೂ ಪೂರ್ತಿ ನಂಬಬೇಡಿ.

ಎಷ್ಟು ಜಾಸ್ತಿ, ಎಷ್ಟು ಕಡಿಮೆ ಅನ್ನುವುದಕ್ಕೆ ಒಂದು ಅಳತೆಪಟ್ಟಿ ಬೇಕಲ್ವಾ? ಅದೇ ಜೋನ್ ಸಿಸ್ಟಮ್. ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ್ದು. ಹೆಸರು ಕೇಳಿ ಹೆದರುವಂಥದ್ದೇನಿಲ್ಲ. ಗಾಢ ಕಪ್ಪು 0, ಕಾಗದದ ಬಿಳುಪು 10, ನಡುವಿನ ಬೂದು 5. ಒಂದೊಂದು ಮೆಟ್ಟಿಲಿಗೂ ಬೆಳಕು ಎರಡು ಪಟ್ಟು. ವಿವರ ಕಾಣುವ ಕಪ್ಪು 3ರ ಹತ್ತಿರ, ಮೈಯ ಒರಟು ಇನ್ನೂ ಗೊತ್ತಾಗುವ ಬಿಳುಪು 7ರ ಹತ್ತಿರ. ಮೀಟರ್ ಎಲ್ಲವನ್ನೂ 5ಕ್ಕೆ ತರುತ್ತದೆ. ಉಪ್ಪು 7ರಲ್ಲಿರಬೇಕು ಅಂತ ನೀವು ತೀರ್ಮಾನ ಮಾಡಿದರೆ ಎರಡು ಮೆಟ್ಟಿಲು, ಅಂದರೆ ಎರಡು ಸ್ಟಾಪ್ ಜಾಸ್ತಿ. ಯಾಣದ ಬಂಡೆ 3ರಲ್ಲಿ ಬೇಕಾದರೆ ಎರಡು ಸ್ಟಾಪ್ ಕಡಿಮೆ.

ಈ ಲೆಕ್ಕ ಬಾಯಿಪಾಠ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಆಡಮ್ಸ್‌ನದೇ ಇನ್ನೊಂದು ಸಂಜೆ. ನ್ಯೂ ಮೆಕ್ಸಿಕೊದ ಹೆರ್ನಾಂಡೆಸ್ ಎಂಬ ಹಳ್ಳಿ, 1941ರ ನವೆಂಬರ್ 1. (ಅವನಿಗೇ ವರ್ಷ ಸರಿಯಾಗಿ ನೆನಪಿರಲಿಲ್ಲ, ಫೋಟೊದಲ್ಲಿ ಚಂದ್ರ ಎಲ್ಲಿದ್ದಾನೆ ಅಂತ ನೋಡಿ ಖಗೋಳ ಬಲ್ಲವರು ಆಮೇಲೆ ದಿನಾಂಕ ಹೇಳಿದರು.) ಕಾರಿನಲ್ಲಿ ವಾಪಸ್ ಬರುತ್ತಿದ್ದಾನೆ. ಚಂದ್ರ ಮೇಲೆ ಬಂದಿದ್ದಾನೆ, ಮುಳುಗುವ ಸೂರ್ಯನ ಕೊನೆಯ ಬೆಳಕು ಸ್ಮಶಾನದ ಬಿಳಿ ಶಿಲುಬೆಗಳ ಮೇಲಿದೆ. ಗಡಿಬಿಡಿಯಲ್ಲಿ ಕ್ಯಾಮೆರಾ ಜೋಡಿಸಿದರೆ ಮೀಟರ್ ಸಿಗುತ್ತಿಲ್ಲ. ಆದರೆ ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಅಂತ ನೆನಪಿತ್ತು. ಅದನ್ನು 7ರಲ್ಲಿ ಇಟ್ಟರೆ 5ಕ್ಕೆ ಬರುವುದು ಅದರ ಕಾಲು ಭಾಗ, ಸುಮಾರು 60. ಅವನ ಫಿಲ್ಮಿನ ವೇಗ, ಅಂದರೆ ಬೆಳಕನ್ನು ಹಿಡಿಯುವ ಚುರುಕು, 64. ಆ ಫಿಲ್ಮಿಗೆ ಎಫ್/8ರಲ್ಲಿ (ಲೆನ್ಸಿನ ಕಿಂಡಿಯ ಅಳತೆ ಇದು, ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು) ಸೆಕೆಂಡಿನ 60ನೇ ಒಂದು ಭಾಗ ಅಂತಾಯಿತು. ಹಳದಿ ಫಿಲ್ಟರಿಗೆ ಮೂರು ಪಟ್ಟು, ಅಂದರೆ 20ನೇ ಒಂದು ಭಾಗ. ಮುಂದಿನಿಂದ ಹಿಂದಿನವರೆಗೆ ಎಲ್ಲ ಸ್ಪಷ್ಟವಾಗಿ ಬರಲು ಎಫ್/32 ಬೇಕು, ಅದು ನಾಲ್ಕು ಸ್ಟಾಪ್ ಕಿರಿದು, ಹದಿನಾರು ಪಟ್ಟು ಸಮಯ. ಹತ್ತಿರ ಹತ್ತಿರ ಒಂದು ಸೆಕೆಂಡ್. ತೆಗೆದ. ಇನ್ನೊಂದು ತೆಗೆಯೋಣ ಅಂತ ಫಿಲ್ಮ್ ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಹೋಯಿತು.

ನನಗೆ ಇದಕ್ಕಿಂತ ಇಷ್ಟವಾಗುವುದು ಆಮೇಲಿನ ಕಥೆ. ಆ ಒಂದೇ ನೆಗೆಟಿವ್‌ನಿಂದ ಅವನು ದಶಕಗಳ ಕಾಲ ನೂರಾರು ಪ್ರಿಂಟ್ ಮಾಡಿದ. ಮೊದಮೊದಲಿನ ಪ್ರಿಂಟ್‌ಗಳಲ್ಲಿ ಆಕಾಶ ಬೂದು, ಮೇಲೆ ತೆಳು ಮೋಡಗಳಿವೆ. ವರ್ಷ ಕಳೆದ ಹಾಗೆ ಆಕಾಶ ಕಪ್ಪಾಗುತ್ತಾ ಹೋಗಿ, ಕೊನೆಕೊನೆಯ ಪ್ರಿಂಟ್‌ಗಳಲ್ಲಿ ಚಂದ್ರನ ಮೇಲೆ ಹೆಚ್ಚುಕಮ್ಮಿ ಕಗ್ಗತ್ತಲು. ತನ್ನ ಫೋಟೊವನ್ನು ತಾನೇ ಮೂವತ್ತು ವರ್ಷ ವಿಮರ್ಶೆ ಮಾಡುತ್ತಾ ಇದ್ದ ಅನ್ನಬಹುದು. ಅವನು ಪಿಯಾನೊ ಕಲಿತಿದ್ದವನು. ನೆಗೆಟಿವ್ ಅಂದರೆ ಬರೆದಿಟ್ಟ ಸ್ವರಲಿಪಿ, ಪ್ರಿಂಟ್ ಅಂದರೆ ಕಚೇರಿ ಅನ್ನುವ ಅರ್ಥದ ಮಾತು ಅವನದು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಕೃತಿಯನ್ನು ಒಬ್ಬರೇ ಹಾಡಿದರೂ ಇವತ್ತಿನ ಹಾಗೆ ನಾಳೆ ಇರುವುದಿಲ್ಲ ಅಂತ ಕಚೇರಿ ಕೇಳುವವರಿಗೆ ಗೊತ್ತೇ ಇದೆ.

ಇನ್ನು ಚೌಕಟ್ಟು. ಮುಖ್ಯವಾದದ್ದನ್ನು ನಡುವೆ ಇಡದೆ ಅಂಚಿನಿಂದ ಮೂರನೇ ಒಂದು ಭಾಗದಷ್ಟು ಒಳಗೆ ಇಡಬೇಕು ಅನ್ನುವ ನಿಯಮ ಎಲ್ಲರಿಗೂ ಬಾಯಿಪಾಠ ಆಗಿರುವುದರಿಂದ ಅದನ್ನು ಬಿಟ್ಟೇ ಹೇಳುತ್ತೇನೆ. ಫೋಟೊ ತೂಗುವುದು ವಸ್ತುಗಳ ಜಾಗದಿಂದ ಮಾತ್ರ ಅಲ್ಲ, ಬೂದುಗಳ ತೂಕದಿಂದ. ಎಡಕ್ಕೆ ದೊಡ್ಡ ಕಪ್ಪು ಬಂಡೆ, ಬಲಕ್ಕೆ ಒಂದು ಚಿಕ್ಕ ಬೆಳಕಿನ ಮಂಟಪ ಇದ್ದರೆ ತಕ್ಕಡಿ ಸಮ ಆಗಬಹುದು. ಸುತ್ತಲೂ ಕತ್ತಲಿದ್ದಾಗ ಚಿಕ್ಕ ಬಿಳುಪಿಗೆ ಅಷ್ಟು ತೂಕ ಬರುತ್ತದೆ. ಹೇಮಕೂಟದ ಮೇಲೆ ಸಂಜೆ ಹೊತ್ತು ನಿಂತು ನೋಡಿ, ಇದು ಕಣ್ಣಿಗೇ ಕಾಣುತ್ತದೆ.

ಜಾಗದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ನೋಡುವುದು ಅಂಚುಗಳನ್ನು, ಮತ್ತು ಒಂದಕ್ಕೊಂದು ಅಂಟಿಕೊಂಡಿರುವ ಜಾಗಗಳನ್ನು. ಅಂಟಿಕೊಳ್ಳುವುದು ಅಂದರೆ, ಹತ್ತಿರದ ಮರದ ತುದಿ ದೂರದ ಬೆಟ್ಟದ ಗೆರೆಗೆ ಸರಿಯಾಗಿ ತಾಕುವುದು. ಬಣ್ಣದಲ್ಲಿ ಮರ ಹಸಿರು, ಬೆಟ್ಟ ನೀಲಿ, ತೊಂದರೆ ಇಲ್ಲ. ಬೂದಿನಲ್ಲಿ ಎರಡೂ ಸೇರಿ ಬೆಟ್ಟಕ್ಕೆ ಕೊಂಬು ಬಂದ ಹಾಗೆ ಕಾಣುತ್ತದೆ. ಪರಿಹಾರ ಕಾಲಲ್ಲಿದೆ. ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ, ಇಲ್ಲಾ ಮಂಡಿ ಊರಿ ಕೂತುಕೊಳ್ಳಿ. ಜೂಮ್ ತಿರುಗಿಸಿದರೆ ಇದು ಸರಿಹೋಗುವುದಿಲ್ಲ. ಇನ್ನೊಂದು ಅನುಕೂಲ ಈಗ ಇದೆ: ಕ್ಯಾಮೆರಾವನ್ನು ಮಾನೊಕ್ರೋಮ್‌ಗೆ ಹಾಕಿ, ಫೈಲ್ ಮಾತ್ರ ರಾ (ಕ್ಯಾಮೆರಾ ಹಿಡಿದದ್ದನ್ನೆಲ್ಲ ಹಾಗೇ ಉಳಿಸುವ ಫೈಲ್) ಅಂತ ಇಡಿ. ಹಿಂದಿನ ಪರದೆಯಲ್ಲಿ ಕಪ್ಪು ಬಿಳುಪು ಕಾಣುತ್ತದೆ, ಫೈಲಿನಲ್ಲಿ ಬಣ್ಣ ಪೂರ್ತಿ ಉಳಿದಿರುತ್ತದೆ. ಗೊಬ್ಬರದ ಚೀಲ ಆಗಲೇ ಕಣ್ಣಿಗೆ ಬೀಳುತ್ತದೆ.

ವಿಮರ್ಶೆಗೆ ಬರೋಣ. ನಮ್ಮಲ್ಲಿ ಇದು ಎರಡೇ ಥರ ನಡೆಯುವುದು. ಒಂದು, ಸೂಪರ್ ಸರ್, ಒಳ್ಳೇ ಕ್ಲಿಕ್. ಇನ್ನೊಂದು, ದಿಗಂತ ಮಧ್ಯದಲ್ಲಿದೆ, ಅಪ್ಪಟ ಕಪ್ಪು ಇಲ್ಲ, ಕ್ರಾಪ್ ಮಾಡಿ. ಎರಡರಲ್ಲೂ ಫೋಟೊ ನೋಡಿದ ಗುರುತೇ ಇಲ್ಲ. ದಿಗಂತ ಮಧ್ಯದಲ್ಲಿರಬಾರದು ಅಂತ ಹೇಳುವವರು ಕೆರೆಯಲ್ಲಿ ಬೆಟ್ಟದ ನೆರಳು ಬಿದ್ದ ಫೋಟೊಗೂ ಅದನ್ನೇ ಹೇಳುತ್ತಾರೆ. ಅಪ್ಪಟ ಕಪ್ಪು ಇರಲೇಬೇಕು ಅನ್ನುವವರು ಮಂಜಿನ ಫೋಟೊಗೂ ಬಿಡುವುದಿಲ್ಲ. ಮಂಜಿನಲ್ಲಿ ಅಪ್ಪಟ ಕಪ್ಪು ಎಲ್ಲಿಂದ ಬರಬೇಕು? ಅಲ್ಲಿ ಬೂದು 5ರಿಂದ 8ರವರೆಗೆ ಇದ್ದರೂ ಸಾಕು. ಕಾಂಟ್ರಾಸ್ಟ್ ಜಗ್ಗಿ ಕಪ್ಪು ತಂದರೆ ಮಂಜು ಹೋಗಿ ಹೊಗೆ ಬರುತ್ತದೆ. ಹಾಗೇ ಒಂದೊಂದು ಹುಲ್ಲುಕಡ್ಡಿಯೂ ಎದ್ದು ಕಾಣುವ ಹಾಗೆ ಕ್ಲಾರಿಟಿ ಏರಿಸುವ ಚಟ. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬಿನ ಹಾಗೆ ಎಲ್ಲ ಕಡೆ ಹೊಳೆದರೆ ಕಣ್ಣು ಎಲ್ಲೂ ಕೂರುವುದಿಲ್ಲ.

ನನಗೆ ಆ ಹಿರಿಯರು ಕಲಿಸಿದ ಕ್ರಮ ಬೇರೆ. ಮೊದಲು ಕಾಗದದ ಮೇಲೆ ಏನಿದೆ ಅಂತ ಹೇಳು. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ, ಯಾವ ಅಂಚಿನಿಂದ ಹೊರಗೆ ಬಿದ್ದಿತು ಅಂತ ಹೇಳು. ಅತಿ ಬಿಳುಪು ಇರುವ ಜಾಗ ಆ ಬಿಳುಪಿಗೆ ಲಾಯಕ್ಕಾ ಅಂತ ಕೇಳಿಕೋ. ಇಷ್ಟೆಲ್ಲ ಆದ ಮೇಲೆ, ತೆಗೆದವನಿಗೆ ಏನು ಬೇಕಿತ್ತು ಅಂತ ಕೇಳಿ, ಆಮೇಲೆ ಮಾತ್ರ ಸಲಹೆ. ಅದೂ ಒಂದೇ ಸಲಹೆ, ಆರು ಅಲ್ಲ.

ಒಂದನ್ನು ಮಾಡಿ ತೋರಿಸುತ್ತೇನೆ. ಗೆಳೆಯನೊಬ್ಬ ಮುಳ್ಳಯ್ಯನಗಿರಿಯಲ್ಲಿ ತೆಗೆದ ಫೋಟೊ ಕಳಿಸಿದ್ದ. ನಾಲ್ಕು ಬೆಟ್ಟದ ಸಾಲು, ಬಲಗಡೆ ಹತ್ತಿರದಲ್ಲಿ ಗಾಳಿಗೆ ಬಾಗಿದ ಒಂಟಿ ಮರ, ಮೇಲೆ ಅರ್ಧದಷ್ಟು ಖಾಲಿ ಆಕಾಶ. ನನ್ನ ಕಣ್ಣು ಮೊದಲು ಹೋದದ್ದು ಮರಕ್ಕಲ್ಲ, ಆಕಾಶಕ್ಕೆ. ಅದು ಕಾಗದದಷ್ಟೇ ಬೆಳ್ಳಗಿತ್ತು, ಪರದೆಯ ಅಂಚು ಎಲ್ಲಿ ಅಂತ ಗೊತ್ತಾಗುತ್ತಿರಲಿಲ್ಲ. ಅಲ್ಲಿಂದ ಇಳಿದು ಬೆಟ್ಟಗಳ ಮೇಲೆ ಎಡಕ್ಕೆ ಜಾರಿ ಹೊರಗೆ ಬಂತು. ಮರ ಸಿಕ್ಕಿದ್ದು ಮೂರನೇ ಸಲಕ್ಕೆ, ಯಾಕೆಂದರೆ ಅದರ ತಲೆ ಎರಡನೇ ಸಾಲಿನ ಕಪ್ಪಿನಲ್ಲಿ ಮುಳುಗಿತ್ತು. ಅವನನ್ನು ಕೇಳಿದೆ, ನಿನಗೆ ಬೇಕಿದ್ದದ್ದು ಏನು? "ಆ ಮರ ಒಂದೇ ಗಾಳೀನ ತಡ್ಕೊಂಡು ನಿಂತಿತ್ತು ಕಣೋ, ಅದು." ಅಲ್ಲಿಗೆ ಮುಗಿಯಿತು. ಕೂತುಕೊಂಡು ತೆಗೆದಿದ್ದರೆ ಮರದ ತಲೆ ಮೇಲೆದ್ದು ಹಿಂದಿನ ತಿಳಿ ಮಂಜಿನ ಎದುರು ಬರುತ್ತಿತ್ತು. ಹೇಳಿದ್ದು ಅದೊಂದೇ. ಆಕಾಶದ ಮೇಲುಭಾಗವನ್ನು ಸ್ವಲ್ಪ ಬರ್ನ್ ಮಾಡಿ, ಅಂದರೆ ಅಷ್ಟು ಜಾಗವನ್ನು ಮಾತ್ರ ಕಪ್ಪಾಗಿಸಿ, ತಗ್ಗಿಸುವ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಮರ ಸರಿಯಾದ ಜಾಗಕ್ಕೆ ಬಂದರೆ ಅದು ಅವನಿಗೇ ಕಾಣುತ್ತದೆ.

ಇಲ್ಲಿ ಒಂದು ಜಗಳವೂ ಆಯಿತು. ಆ ಖಾಲಿ ಆಕಾಶವೇ ಆ ಫೋಟೊದ ಜೀವ ಅಂತ ಇನ್ನೊಬ್ಬ ಗೆಳತಿ ವಾದಿಸಿದಳು. ಖಾಲಿ ಇದ್ದರೇ ಮರ ಒಂಟಿ ಅನ್ನಿಸುವುದು ಅಂತ. ಯೋಚಿಸಿ ನೋಡಿದರೆ ಅವಳ ಮಾತಲ್ಲೂ ಹುರುಳಿತ್ತು. ಆದರೆ ಖಾಲಿ ಬೇರೆ, ಸುಟ್ಟದ್ದು ಬೇರೆ. 8ರಲ್ಲಿರುವ ಆಕಾಶದಲ್ಲಿ ಗಾಳಿ ಇದೆ ಅನ್ನಿಸುತ್ತದೆ, 10ರಲ್ಲಿ ಬರೀ ಕಾಗದ. ಇದರ ಬಗ್ಗೆ ನಾವಿಬ್ಬರೂ ಇನ್ನೂ ಒಪ್ಪಿಲ್ಲ.

ಅಂಜನಾದ್ರಿಗೆ ನಾನು ಮತ್ತೆ ಹೋದದ್ದು ಡಿಸೆಂಬರ್‌ನಲ್ಲಿ, ಸೂರ್ಯ ಹುಟ್ಟುವ ಮೊದಲೇ ಹತ್ತಿ ಕೂತು. ಬಿಸಿಲು ಓರೆಯಾಗಿ ಬಂದಾಗ ಬಂಡೆಗಳು ಒಂದೊಂದಾಗಿ ಗುಂಡಗಾದವು. ಹೊಳೆಯ ಮೇಲೆ ತೆಳು ಮಂಜಿತ್ತು. ಅರ್ಧ ಗಂಟೆಯಲ್ಲಿ ಹನ್ನೊಂದು ಫೋಟೊ ತೆಗೆದೆ. ಅದರಲ್ಲಿ ಒಂದನ್ನು ಪ್ರಿಂಟ್ ಹಾಕಿಸಿ ಅವರ ಮೇಜಿನ ಮೇಲಿಟ್ಟೆ, ಈ ಸಲ ನಾನೇ ತಲೆಕೆಳಗು ಮಾಡಿ. ಅವರು ಕನ್ನಡಕ ತೆಗೆದರು. ಎಡಮೂಲೆಗೆ ಹೆಬ್ಬೆರಳು ಹೋಗಲಿಲ್ಲ. ಬಂಡೆಗಳ ಮೇಲೆ ಸುಮಾರು ಹೊತ್ತು ನೋಡಿ, "ಈಗ ಕಲ್ಲು ಅದಾವ" ಅಂದರು. ಆಮೇಲೆ ಹೆಬ್ಬೆರಳು ಮೆಲ್ಲಗೆ ಬಲಗಡೆ ಅಂಚಿಗೆ ಹೋಯಿತು. ಅಲ್ಲಿ ಅರ್ಧ ಕತ್ತರಿಸಿಹೋದ ಒಂದು ತೆಂಗಿನ ಗರಿ ಇತ್ತು.